ಬೀಗುವ ಬಾಟಲಿ, ಖಾಲಿ ಬಾಟಲಿ

ಹೆಲಿಕಾಪ್ಟರ್ ಪೈಲಟ್ ಚಂಗಪ್ಪನವರ ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಕುಡಿಯುವ ನೀರು. ಇನ್ನೊಂದು ಖಾಲಿ, ಹಾರುವಾಗ ಮೂತ್ರಕ್ಕೆ ಅವಸರವಾದರೆ ಇರಲಿ ಎಂದು.

"ಥೂ, ದೂರ ಸರಿ! ಸಾಹೇಬರ ಜೀವ ಉಳಿಸುವುದು ನಾನು. ನಿನಗೇನು ಕೆಲಸ ಇಲ್ಲಿ?" ಎಂದು ನೀರಿನ ಬಾಟಲಿ ಒಂದು ದಿನ ಖಾಲಿ ಬಾಟಲಿಯನ್ನು ಚೀಲದಿಂದ ತಳ್ಳಿಯೇಬಿಟ್ಟಿತು. ಅದು ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನಲ್ಲೇ ಉಳಿಯಿತು.

ಅಂದು ಸುಡುಬಿಸಿಲು. ಬಾಯಾರಿಕೆಯಾಗಿ, ಹಾರುತ್ತಲೇ ಚಂಗಪ್ಪನವರು ಚೀಲ ತಡಕಿದರು. ಖಾಲಿ ಬಾಟಲಿ ಸಿಗಲಿಲ್ಲ. ನೀರಿನ ಬಾಟಲಿಯನ್ನು ಆಸೆಯಿಂದ ನೋಡಿ, ತುಟಿ ಸವರಿಕೊಂಡು, ಹಾಗೇ ಒಳಗಿಟ್ಟರು. ಕೊನೆಗೆ ತಲೆ ತಿರುಗತೊಡಗಿ, ಅರ್ಧ ದಾರಿಯಿಂದಲೇ ಹಿಂತಿರುಗಿ ಹೇಗೋ ಇಳಿದರು.

"ಪಕ್ಕದಲ್ಲೇ ಇದ್ದೆ! ಒಂದು ಗುಟುಕೂ ಕುಡಿಯಲಿಲ್ಲವಲ್ಲ!" ಎಂದು ನೀರಿನ ಬಾಟಲಿ ಗೋಳಾಡಿತು.

ಹ್ಯಾಂಗರಿನ ನೆಲದಿಂದ ಖಾಲಿ ಬಾಟಲಿ ಹೇಳಿತು: "ನಾನಿದ್ದರೆ ತಾನೇ ಸ್ವಾಮಿ, ನಿಮ್ಮ ಮುಚ್ಚಳ ತೆಗೆಯುವ ಧೈರ್ಯ ಅವರಿಗೆ?"