ಎಡಗಡೆ ಇಟ್ಟ ಕತ್ತಿ

"ಗುರುಗಳೇ, ಪದ್ಧತಿ ತಪ್ಪಿದವನನ್ನು ನೀವೇಕೆ ಗದರಿಸುವುದಿಲ್ಲ?"

ಜಪಾನಿನ ಒಂದು ಕತ್ತಿವರಸೆಯ ಶಾಲೆಯಲ್ಲಿ ಕುರಾತಾ ಎಂಬ ಶಿಷ್ಯ ಹೀಗೆ ಕೇಳಿದ. ಅಲ್ಲಿ ಕೂತು ನಮಸ್ಕರಿಸುವಾಗ ಕತ್ತಿಯನ್ನು ಬಲಗಡೆ ಇಡಬೇಕು. ಅಲ್ಲಿಂದ ಅದನ್ನು ಬಲಗೈ ಥಟ್ಟನೆ ಹಿರಿಯಲಾರದು. ನನ್ನಿಂದ ನಿನಗೆ ಭಯವಿಲ್ಲ ಎಂದು ಹೇಳುವ ರೀತಿ ಅದು. ಜೊತೆಯ ಶಿಷ್ಯ ನಿವಾ ಮಾತ್ರ ಎಡಗಡೆ ಇಡುತ್ತಿದ್ದ.

"ಅವನ ಎದುರು ನಾನು ಕೂರಲಾರೆ. ಅವನನ್ನು ಕಳಿಸಿಬಿಡಿ," ಎಂದ ಕುರಾತಾ.

ಗುರುಗಳು ಒಂದು ಕತೆ ಹೇಳಿದರು.

ಎರಡು ಮನೆತನಗಳು ಏಳು ವರ್ಷ ಕಾದಾಡಿದವು. ಏಕೆಂಬುದು ಸತ್ತವರಿಗಷ್ಟೇ ಗೊತ್ತು. ಕೊನೆಗೆ ಒಂದು ಮನೆತನ ಸಂಧಿಗೆಂದು ಒಬ್ಬ ಯೋಧನನ್ನು ಕಳಿಸಿತು. ಮಾತು ಮುರಿದರೆ ಮರುದಿನವೇ ಯುದ್ಧ. ಇನ್ನೊಂದು ಮನೆತನದ ಯಜಮಾನ ಮುದುಕ. ಅವನ ಒಬ್ಬನೇ ಮಗ ಆ ಕಾಳಗದಲ್ಲಿ ಸತ್ತಿದ್ದ.

ಯೋಧ ಒಳಗೆ ಬಂದು ಕೂತ. ಸೊಂಟದ ಕತ್ತಿಯನ್ನು ತೆಗೆದು ಎಡಗಡೆ ಇಟ್ಟ.

ಕಾವಲಿನವರೆಲ್ಲ ಧಡಕ್ಕನೆ ಎದ್ದರು. ಪದ್ಧತಿ ಬಲ್ಲವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಿನ್ನ ಹಾಗೆ. ಯಜಮಾನ ಕೈಯೆತ್ತಿ ಅವರನ್ನು ತಡೆದ.

"ಕತ್ತಿ ಎಲ್ಲಿಡಬೇಕೆಂದು ನಿಮ್ಮ ಮನೆಯಲ್ಲಿ ಕಲಿಸಲಿಲ್ಲವೆ?"

"ಕಲಿಸಿದ್ದಾರೆ. ಆದರೆ ನಾನು ಎಡಚ. ಬಲಗಡೆ ಇಟ್ಟರೆ ನಿಮ್ಮ ಕಣ್ಣಿಗೆ ಮರ್ಯಾದೆ ಕಂಡೀತು, ನನ್ನ ಕೈಗೆ ಕತ್ತಿ ಸಿಕ್ಕೀತು."

ಮುದುಕ ಅವನ ಎಡಗೈಯನ್ನು ನೋಡಿದ.

"ಗೊತ್ತು," ಎಂದ. "ನನ್ನ ಮಗನಿಗೆ ಏಟು ಬಿದ್ದದ್ದು ಬಲ ಭುಜಕ್ಕೆ. ಎದುರು ನಿಂತ ಎಡಚ ಹೊಡೆದ ಏಟು ಅದು. ಅವನು ನೀನೇ ಎಂದು ಆಗಲೇ ವಿಚಾರಿಸಿ ತಿಳಿದಿದ್ದೆ."

ಅವನು ಪರದೆಯ ಕಡೆ ತಿರುಗಿ ಕರೆದ. ಬಿಲ್ಲು ಹಿಡಿದ ನಾಲ್ವರು ಹೊರಗೆ ಬಂದರು. ಅತಿಥಿ ಕತ್ತಿಯನ್ನು ಬಲಗಡೆ ಇಟ್ಟೊಡನೆ ಬಾಣ ಬಿಡಬೇಕೆಂದು ಅವರಿಗೆ ಅಪ್ಪಣೆಯಾಗಿತ್ತು. ಅವರನ್ನು ಕಳಿಸಿ ಮುದುಕ ಮಗನಿಗಾಗಿ ಅತ್ತ. ಅತ್ತು ಮುಗಿದ ಮೇಲೆ ಸಂಧಿಪತ್ರ ತರಿಸಿದ.

ಗುರುಗಳು ಕತೆ ನಿಲ್ಲಿಸಿದರು. ಕುರಾತಾನಿಗೆ ಸಮಾಧಾನವಾಗಲಿಲ್ಲ.

"ಆ ಯೋಧನಿಗೆ ಕಾರಣವಿತ್ತು. ನಿವಾನಿಗೆ ಏನಿದೆ?"

"ಮೂರು ವರ್ಷದಿಂದ ಅವನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೀಯಲ್ಲ, ಅವನು ಊಟದ ಕಡ್ಡಿ ಹಿಡಿಯುವುದು ಯಾವ ಕೈಯಲ್ಲಿ?"