ಮಠದ ಹಳೆಯ ನಂಬರು

ಹೊಳೆಯ ದಂಡೆಯ ಮೇಲೊಂದು ಚಿಕ್ಕ ಮಠ. ಅಲ್ಲಿನ ಗುರುಗಳನ್ನು ಸುತ್ತಲಿನ ಜನ ಅಜ್ಜಾರು ಎಂದು ಕರೆಯುತ್ತಿದ್ದರು. ಅವರ ಶಿಷ್ಯ ಅಡಿವೆಪ್ಪ.

ಅಡಿವೆಪ್ಪ ಮಠಕ್ಕೆ ಬಂದ ಹೊಸದರಲ್ಲಿ ಅಜ್ಜಾರು ಅವನಿಗೊಂದು ಮಾತು ಹೇಳಿದ್ದರು.

"ಏನ ಮಾಡಿದ್ರೂ ತೂಗಿ ನೋಡಿ ಮಾಡು."

ಪಾಪ, ಆ ಮಾತನ್ನು ಅವನು ಉಡದ ಹಾಗೆ ಹಿಡಿದುಕೊಂಡ. ಇವತ್ತು ಕುಂಬಳಕಾಯಿ ಹೆಚ್ಚಬೇಕೋ ಬದನೆಕಾಯಿ ಹೆಚ್ಚಬೇಕೋ ಎಂದು ಅವನು ತೂಗುವಷ್ಟರಲ್ಲಿ ದಾಸೋಹದ ಒಲೆ ಆರಿರುತ್ತಿತ್ತು.

ಅಂಥವನ ಮುಂದೆ ಹೊಸ ಫೋನಿನ ಪ್ರಶ್ನೆ ಬಂತು.

ಮಠದ ಫೋನು ಇರುತ್ತಿದ್ದದ್ದು ಅವನ ಹತ್ತಿರವೇ. ಅದರ ಗಾಜು ಒಡೆದು, ರಬ್ಬರ್ ಬ್ಯಾಂಡ್ ಬಿಗಿಸಿಕೊಂಡು ಎರಡು ವರ್ಷವಾಗಿತ್ತು. ಚಾರ್ಜರಿನ ವೈರನ್ನು ಒಂದು ಕಡೆಗೆ ಒತ್ತಿ, ಮೇಲೊಂದು ಕಲ್ಲು ಇಟ್ಟರೆ ಮಾತ್ರ ಚಾರ್ಜು ಏರುತ್ತಿತ್ತು. ಭಕ್ತರೊಬ್ಬರು ಇದನ್ನು ನೋಡಲಾರದೆ, ಹೊಸದು ಕೊಡಿಸುತ್ತೇನೆ ಎಂದರು. ಇವನು ಹೂಂ ಅನ್ನುವುದಷ್ಟೇ ಬಾಕಿ.

ಹೂಂ ಅನ್ನುವುದಕ್ಕೆ ಅಡಿವೆಪ್ಪ ಒಂದು ತಿಂಗಳು ತೂಗಿದ. ಹಾಳೆಯ ನಡುವೆ ಗೆರೆ ಎಳೆದು ಆ ಕಡೆ ಈ ಕಡೆ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕೊನೆಗೆ ಹಾಳೆ ಹಿಡಿದು ಅಜ್ಜಾರ ಹತ್ತಿರ ಹೋದ. ಅವರು ಬೇವಿನ ಮರದ ಕೆಳಗೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅಜ್ಜಾರ, ಹೊಸಾ ಫೋನ್ ತಗೊಂಡ್ರ ಹದಿನೇಳು ಅನುಕೂಲ ಅದಾವ್ರಿ. ಒಂಬತ್ತು ಅನಾನುಕೂಲ."

"ಓದು."

ಅವನು ಓದಿದ. ಫೋಟೋ ಚೆಂದ ಬರುತ್ತವೆ. ದೂರದ ಭಕ್ತರಿಗೆ ಪ್ರವಚನ ತೋರಿಸಬಹುದು. ಅಕ್ಷರ ದೊಡ್ಡವು. ಚಾರ್ಜು ಎರಡು ದಿನ ಬರುತ್ತದೆ. ಇನ್ನು ಆ ಕಡೆ, ಕೈಜಾರಿ ಬಿದ್ದರೆ ಹಳೆಯದರಂತೆ ತಾಳುವುದಿಲ್ಲ. ಕಲಿಯಲು ದಿನ ಹಿಡಿಯುತ್ತವೆ. ಕಣ್ಣು ಅದರಲ್ಲೇ ನೆಟ್ಟು ಜಪ ತಪ್ಪಬಹುದು. ಈ ಕೊನೆಯದನ್ನು ತುಸು ಮೆಲ್ಲಗೆ ಓದಿದ.

ಅಜ್ಜಾರು ಒಂದು ಬೀಜ ತೆಗೆದು ಪಕ್ಕಕ್ಕಿಟ್ಟರು.

"ಹಳೇ ಫೋನಿನ ಮಂದೀನ ಕೇಳಿದಿಯೇನು?"

"ಯಾವ ಮಂದಿ ರೀ?"

"ಅದರಾಗ ಮಾತಾಡೋ ಮಂದಿ."

ಇದು ಅಡಿವೆಪ್ಪನಿಗೆ ಹೊಳೆದಿರಲಿಲ್ಲ. ಅಂದೇ ಕುಳಿತು, ಫೋನಿನಲ್ಲಿ ಹೆಸರಿದ್ದ ಇನ್ನೂರ ಹನ್ನೆರಡು ಜನರಿಗೂ ಸಂದೇಶ ಕಳಿಸಿದ. ತಗೊಳ್ರಿ, ತಗೊಳ್ರಿ ಎಂದು ಉತ್ತರ ಬಂದವು. ಕೆಲವರು ಕೈಮುಗಿದ ಚಿತ್ರ ಕಳಿಸಿದರು. ಅದನ್ನು ಹದಿನೆಂಟನೆಯ ಅನುಕೂಲವೆಂದು ಬರೆದುಕೊಂಡ.

ಶ್ರಾವಣದಲ್ಲಿ ಪೇಟೆಗೆ ಹೋದ.

ಅಂಗಡಿಯವನು ಹಳೆಯ ಸಿಮ್ ತೆಗೆದು ತಿರುಗಿಸಿ ನೋಡಿದ. "ಇದು ದೊಡ್ಡದಾತ್ರಿ, ಹೊಸಾ ಫೋನಿನ್ಯಾಗ ಕುಂದ್ರೂದಿಲ್ಲ. ಬದಲಿ ಮಾಡಿಸಬೇಕು. ಯಾರ ಹೆಸರಿನ್ಯಾಗ ಐತಿ?"

ಅಡಿವೆಪ್ಪನಿಗಿಂತ ಮೊದಲು ಮಠದ ಕೆಲಸ ನೋಡುತ್ತಿದ್ದ ಕಲ್ಲಯ್ಯನ ಹೆಸರಿನಲ್ಲಿತ್ತು. ಕಲ್ಲಯ್ಯ ತೀರಿಹೋಗಿದ್ದ. ಇನ್ನು ಅವನ ಮನೆಯವರನ್ನು ಹುಡುಕಬೇಕು, ಕಾಗದಪತ್ರ ತರಬೇಕು, ಮತ್ತೆರಡು ಸಲ ಪೇಟೆಗೆ ಬರಬೇಕು.

"ಹೊಸಾ ನಂಬರ್ ತಗೊಂಡ್ಬಿಡ್ರಿ. ಐದು ನಿಮಿಷದ ಕೆಲಸ."

ಒಂದು ತಿಂಗಳು ತೂಗಿದವನು ಇದೊಂದನ್ನು ತೂಗಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಆಗಲಿ ಎಂದ.

ಮಠಕ್ಕೆ ಬಂದು ಇನ್ನೂರ ಹನ್ನೆರಡು ಜನರಿಗೂ ಹೊಸ ನಂಬರು ಕಳಿಸಿದ. ಒಬ್ಬರನ್ನೂ ಬಿಡಲಿಲ್ಲ ಎಂದು ಸಮಾಧಾನಪಟ್ಟ. ಅಜ್ಜಾರ ಫೋಟೋ ತೆಗೆದು ತೋರಿಸಿದ.

"ಗಡ್ಡ ಇಷ್ಟು ಬೆಳ್ಳಗಾಗೇತಿ ಅನ್ನೋದು ಗೊತ್ತಽ ಇರಲಿಲ್ಲ" ಎಂದು ಅಜ್ಜಾರು ನಕ್ಕರು.

ಆ ಇನ್ನೂರ ಹನ್ನೆರಡರಲ್ಲಿ ಬಾಳವ್ವನ ಹೆಸರಿರಲಿಲ್ಲ. ಅವಳಿಗೆ ಫೋನೇ ಇರಲಿಲ್ಲ.

ಬಾಳವ್ವ ಆಚೆ ದಂಡೆಯವಳು. ಪ್ರತಿ ಅಮಾವಾಸ್ಯೆಗೆ ದೋಣಿಯಲ್ಲಿ ದಾಟಿ ಬರುತ್ತಿದ್ದಳು. ದಾಸೋಹಕ್ಕೆಂದು ಹಸಿ ಸೊಪ್ಪು ಕಿತ್ತು, ಒಂದು ಕಟ್ಟು ರಾಜಗಿರಿ ಪಲ್ಯ ತರುತ್ತಿದ್ದಳು. ಗದ್ದುಗೆಗೆ ಕೈಮುಗಿದು, ಅಡಿವೆಪ್ಪನ ಮುಂದೆ ಬಂದು ನಿಂತು, ಒಂದೇ ಮಾತು ಕೇಳುತ್ತಿದ್ದಳು.

"ಫೋನ್ ಬಂದಿತ್ತೇನ್ರಿ?"

ಅವಳ ತಮ್ಮ ರಾಚಪ್ಪ ಬೋರ್ಡು ಬರೆಯುವವನು. ದೋಣಿ ನಿಲ್ಲುವ ಕಟ್ಟೆಯ ಮೇಲಿನ ಬೋರ್ಡಿನಲ್ಲಿ ಮಠದ ಹೆಸರು, ಫೋನ್ ನಂಬರು ಬರೆದವನು ಅವನೇ. ತಾಯಿ ಸತ್ತ ದಿನ ಅವನು ಯಾವುದೋ ಊರಿನಲ್ಲಿ ಅಂಗಡಿಯ ಬೋರ್ಡು ಬರೆಯುತ್ತ ಕುಳಿತು ಮಣ್ಣಿಗೆ ಬರಲಿಲ್ಲ. ಮೂರನೆಯ ದಿನ ಬಂದ. ಬಾಳವ್ವ ಬಾಗಿಲಲ್ಲೇ ತಡೆದಳು.

"ಇನ್ನ ಈ ಹೊಸ್ತಿಲಾ ತುಳಿಬ್ಯಾಡ" ಎಂದಳು.

ಅವನು ತುಳಿಯಲಿಲ್ಲ. ಬಣ್ಣದ ಡಬ್ಬಿ ಕೂಡ ಅಂಗಳದಲ್ಲೇ ಬಿಟ್ಟು ಹೋದ.

ಒಂದು ವರ್ಷದ ಮೇಲೆ ಮಠಕ್ಕೆ ಒಂದು ಫೋನು ಬಂತು. ಎತ್ತಿದವನು ಅಡಿವೆಪ್ಪನೇ.

"ಬಾಳವ್ವಕ್ಕ ಅದಾಳೇನ್ರಿ? ನಾ ಆಕಿ ತಮ್ಮ" ಎಂದಿತು ಆ ದನಿ.

"ತಡೀರಿ, ಕರಕೊಂಡ ಬರ್ತೀನಿ" ಎಂದು ಫೋನನ್ನು ಚಾರ್ಜಿನಲ್ಲೇ ಬಿಟ್ಟು ಅಡಿವೆಪ್ಪ ಹೊಳೆಯ ಕಡೆಗೆ ಓಡಿದ್ದ. ದೋಣಿ ದಾಟಿ, ಸೆರಗು ಕಟ್ಟಿಕೊಂಡು ಬಾಳವ್ವ ಓಡಿ ಬರುವಷ್ಟರಲ್ಲಿ ಫೋನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಅದು ಯಾವುದೋ ಬಸ್‌ಸ್ಟ್ಯಾಂಡಿನ ಚಹಾದಂಗಡಿ. ಯಾರೋ ಕೇಳಿ ಇಸಕೊಂಡು ಮಾಡಿದರು, ಹೋದರು ಎಂದರು.

ಅಂದಿನಿಂದ ಆರು ವರ್ಷ ಬಾಳವ್ವ ಕೇಳುತ್ತ ಬಂದಿದ್ದಳು. "ಭಾಳ ಏನಿಲ್ರಿ. ಬಾ ಅಂತ ಒಂದ ಮಾತು ಹೇಳೂದೈತಿ" ಎನ್ನುತ್ತಿದ್ದಳು.

"ಇಲ್ಲ ಯವ್ವಾ" ಎಂದು ಅಡಿವೆಪ್ಪ ಹೇಳುತ್ತಿದ್ದ. ಮೊದಮೊದಲು ಹೇಳುವಾಗ ಅವನಿಗೆ ಸಂಕಟವಾಗುತ್ತಿತ್ತು. ಬರಬರುತ್ತ ರೂಢಿಯಾಯಿತು, ಅವಳು ಕೇಳುವ ಮೊದಲೇ ಹೇಳತೊಡಗಿದ. ಹೊಸ ಫೋನು ಬಂದ ಮೇಲೂ ಹಾಗೇ ಹೇಳಿದ. ಸುಳ್ಳೇನೂ ಅಲ್ಲ, ಬಂದಿರಲಿಲ್ಲ.

ವರ್ಷ ತಿರುಗಿತು. ಮತ್ತೆ ಶ್ರಾವಣ ಬರುತ್ತದೆಂದು ಮಠಕ್ಕೆ ಸುಣ್ಣ ಹೊಡೆದರು. ಕಟ್ಟೆಯ ಬೋರ್ಡಿನಲ್ಲಿ ಇನ್ನೂ ಹಳೇ ನಂಬರು ಇದೆಯಲ್ಲ ಎಂದು ಅಡಿವೆಪ್ಪನಿಗೆ ಆಗ ನೆನಪಾಯಿತು. ಅದರ ಮೇಲೆ ಬಿಳಿ ಬಳಿದು, ತಾನೇ ಬ್ರಶ್ ಹಿಡಿದು ಹೊಸದನ್ನು ಬರೆದ. ಅಂಕಿಗಳು ಸೊಟ್ಟಗಿದ್ದವು, ಆದರೂ ಓದಲು ಬರುತ್ತಿದ್ದವು.

ನಾಗರ ಅಮಾವಾಸ್ಯೆಯ ದಿನ ಬಾಳವ್ವ ದೋಣಿ ಇಳಿದಳು. ಮೇಲೆ ಬರಲಿಲ್ಲ. ಬೋರ್ಡಿನ ಮುಂದೆಯೇ ನಿಂತುಬಿಟ್ಟಳು. ಅಡಿವೆಪ್ಪ ಇಳಿದು ಹೋದ.

"ಈ ಅಂಕಿ ಯಾರು ಬರದ್ರಿ?" ಎಂದಳು.

"ನಾನಽ ಬರದೀನಿ ಯವ್ವಾ."

"ನನಗ ಓದಾಕ ಬರೂದಿಲ್ರಿ. ಆದ್ರ ಇದು ರಾಚ್ಯಾನ ಕೈ ಅಲ್ಲ."

"ಹೌದ್ರಿ."

"ಬಣ್ಣ ಹೋಗಿದ್ರ ಅದರ ಮ್ಯಾಲೇ ತಿದ್ದಬೇಕಿತ್ತು. ಇರಲಿ. ಅಂಕಿ ಅವಽ ಅದಾವಲ್ರಿ?"

ಅಡಿವೆಪ್ಪ ಬಾಯಿ ತೆರೆದ. ಅವನಿಗೆ ಎಲ್ಲವೂ ಆಗ ಹೊಳೆಯಿತು.

"ಇಲ್ಲ ಯವ್ವಾ. ನಂಬರ್ ಬ್ಯಾರೆ."

"ಯಾವಾಗಿಂದ?"

"ಹ್ವಾದ ಶ್ರಾವಣದಿಂದ."

ಬಾಳವ್ವ ಬೆರಳ ಗೆಣ್ಣಿನ ಮೇಲೆ ಎಣಿಸಿದಳು. ಇವತ್ತಿನದೂ ಸೇರಿ ಹನ್ನೆರಡು ಅಮಾವಾಸ್ಯೆ. ಅವಳು ಬೈಯಲಿಲ್ಲ. ಬೈದಿದ್ದರೆ ಅಡಿವೆಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವಗ ಹಳೇ ಅಂಕಿ ಅಷ್ಟಽ ಗೊತ್ತಿದ್ದವ್ರಿ. ತಾನಽ ಬರದಿದ್ದ ನೋಡ್ರಿ" ಎಂದಳು. ಪಲ್ಯದ ಕಟ್ಟನ್ನು ಅವನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕುಳಿತಳು.

ಅಡಿವೆಪ್ಪ ಅಜ್ಜಾರ ಬಳಿಗೆ ಓಡಿದ. ನಡೆದದ್ದನ್ನು ತೊದಲುತ್ತ ಹೇಳಿದ.

"ಹಳೇ ನಂಬರಿಗೆ ಮಾಡು" ಎಂದರು ಅಜ್ಜಾರು.

"ಅದು ಬಂದಾಗಿರ್ತೈತ್ರಿ."

"ಮಾಡು."

ಮಾಡಿದ. ರಿಂಗಾಯಿತು. ದೂರದ ಸೀಮೆಯ ಒಬ್ಬ ಟೇಲರ್ ಎತ್ತಿಕೊಂಡ. ಆ ನಂಬರು ತನ್ನ ಕೈಗೆ ಬಂದು ಆರು ತಿಂಗಳಾಯಿತು ಎಂದ.

"ನೀವು ಮಠದೋರಾ? ಅಯ್ಯೋ, ಹಿಂದೆ ಯಾರೋ ಒಬ್ಬರು ಮೂರು ಸಲ ಮಾಡಿದ್ರು ಸ್ವಾಮಿ, ಮಠಾನಾ ಅಂತ. ಯುಗಾದಿ ಹಿಂದೆಮುಂದೆ. ಹಬ್ಬದ ಬಟ್ಟೆ, ಕೈತುಂಬ ಕೆಲಸ. ರಾಂಗ್ ನಂಬರ್ ಅಂತ ಎರಡು ಸಲ ಹೇಳ್ದೆ. ಮೂರನೇ ಸಲ ಬೈದ್ಬಿಟ್ಟೆ."

"ಅವರು ಏನಂದ್ರು ರೀ?"

"ಅಕ್ಕ ಇದಾಳಾ ಅಂದ್ರು. ಇಲ್ಲಿ ಯಾವ ಅಕ್ಕಾನೂ ಇಲ್ಲ ಕಣಯ್ಯ ಅಂದೆ. ಸ್ವಲ್ಪ ಹೊತ್ತು ಹಂಗೇ ಇದ್ದು ಇಟ್ರು. ಆಮೇಲೆ ಮಾಡ್ಲಿಲ್ಲ."

"ಆ ನಂಬರ್ ಐತೇನ್ರಿ ನಿಮ್ಮ ಹತ್ರ?"

"ಎಲ್ಲಿಂದ ತರ್ಲಿ ಸ್ವಾಮಿ. ಮೊನ್ನೆ ಹೊಸ ಫೋನ್ ತಗೊಂಡೆ. ಹಳೇದರಲ್ಲಿದ್ದಿದ್ದು ಒಂದೂ ಬರಲಿಲ್ಲ."

ಇನ್ನೊಮ್ಮೆ ಆ ಮನುಷ್ಯ ಮಾಡಿದರೆ ಮಠದ ಹೊಸ ನಂಬರು ಕೊಡಿ ಎಂದು ಅಡಿವೆಪ್ಪ ಬೇಡಿಕೊಂಡ. ಟೇಲರ್ ಬರೆದುಕೊಂಡ.

ಫೋನು ಇಟ್ಟು ಅಡಿವೆಪ್ಪ ಅಜ್ಜಾರ ಮುಖ ನೋಡಿದ.

"ಬಾಳವ್ವಗ ಇದನ್ನ ಹೇಳಬೇಕೇನ್ರಿ? ಹೇಳಿದ್ರ ಜೀವಂತ ಅದಾನ ಅನ್ನೋ ಸಮಾಧಾನ ಆದರೂ ಆಗ್ತೈತಿ. ಆದ್ರ ಉಳಿದದ್ದು ಕೇಳಿದ್ರ..."

"ಮತ್ತ ತೂಗಾಕ ಹತ್ತಿದಿ" ಎಂದರು ಅಜ್ಜಾರು.

ಅಡಿವೆಪ್ಪ ಹೊಳೆಯ ಕಟ್ಟೆಗೆ ಇಳಿದು, ಯುಗಾದಿಯಲ್ಲಿ ಫೋನು ಬಂದಿದ್ದನ್ನು ಹೇಳಿದ.

"ಅಕ್ಕ ಅಂದನಂತೇನ್ರಿ?" ಎಂದಳು ಬಾಳವ್ವ.

"ಹೌದ್ರಿ."

"ಮೂರು ಸಲ ಮಾಡಿದ್ನಂತೇನ್ರಿ?"

"ಮೂರು ಸಲ."

ಅವಳ ಮುಖ ಅರಳಿತು. ಆರು ವರ್ಷದಲ್ಲಿ ಆ ಮುಖ ಹಾಗಾದದ್ದನ್ನು ಅಡಿವೆಪ್ಪ ನೋಡಿರಲಿಲ್ಲ. ಆಮೇಲೆ ಉಳಿದದ್ದನ್ನೂ ಹೇಳಿದ. ಇಲ್ಲಿ ಯಾವ ಅಕ್ಕನೂ ಇಲ್ಲ ಎಂದು ಟೇಲರ್ ಅಂದದ್ದನ್ನು, ಆ ಕಡೆಯವನು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ಇಟ್ಟದ್ದನ್ನು.

ಬಾಳವ್ವ ಹೊಳೆಯ ಕಡೆಗೆ ತಿರುಗಿದಳು.

"ನಾ ಸತ್ತೀನಿ ಅಂದ್ಕೊಂಡಾನ" ಎಂದಳು.

ದೋಣಿ ಬಂತು. ಹತ್ತಿ ಹೋದಳು.

ಅಡಿವೆಪ್ಪ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಆ ಹಳೆಯ ಹಾಳೆಯನ್ನು ಕಿತ್ತು ತಂದು ಅಜ್ಜಾರ ಕಾಲ ಬಳಿ ಇಟ್ಟ. ಅವನ ಕಣ್ಣಲ್ಲಿ ನೀರಿತ್ತು.

"ಇಪ್ಪತ್ತೇಳು ಬರದೀನ್ರಿ. ಆಕಿನ್ನ ಬರೀಲಿಲ್ಲ. ಆಕಿ ತಮ್ಮನ ಮೊದಲ ಫೋನ್ ಎತ್ತಿದಾಂವ ನಾನಽ ಇದ್ದೆ ಅಜ್ಜಾರ."

ಅಜ್ಜಾರು ಹಾಳೆಯನ್ನು ಮುಟ್ಟಲಿಲ್ಲ.

"ತಪ್ಪು ನಂದೂ ಐತಿ. ಮಾತಾಡೋ ಮಂದೀನ ಕೇಳು ಅಂದೆ. ಕಾಯೋ ಮಂದಿ ನನಗೂ ನೆನಪಾಗಲಿಲ್ಲ. ಆಕಿ ತಂದ ಪಲ್ಯ ಮಾತ್ರ ತಿಂಗಳಾ ಉಂಡೀನಿ."

ಅಡಿವೆಪ್ಪ ಕಣ್ಣೊರೆಸಿಕೊಂಡ.

"ನಾ ಈಗ ಏನ ಮಾಡ್ಲಿ ರೀ?"

"ಪ್ರತಿ ಅಮಾಸಿ, ಬಾಳವ್ವ ಬರೋಕಿಂತ ಮೊದಲ, ಆ ಟೇಲರ್‌ಗ ಮಾಡು. ಫೋನ್ ಬಂದಿತ್ತೇನ್ರಿ ಅಂತ ಕೇಳು."

ಅಡಿವೆಪ್ಪ ಹಾಗೇ ಮಾಡಿದ. ಮೊದಲ ಅಮಾವಾಸ್ಯೆಗೆ ಟೇಲರ್ ಮರುಗಿದ. ಬೈದದ್ದಕ್ಕೆ ನನಗೂ ಬೇಜಾರಿದೆ ಸ್ವಾಮಿ, ಬಂದರೆ ಖಂಡಿತ ಹೇಳುತ್ತೇನೆ ಎಂದ. ಎರಡನೆಯದಕ್ಕೂ ಸಮಾಧಾನದಿಂದಲೇ ಮಾತಾಡಿದ. ಮೂರನೆಯದಕ್ಕೆ ಹೊಲಿಗೆ ಯಂತ್ರ ನಿಲ್ಲಿಸದೆ ಇಲ್ಲ ಎಂದ.

ಐದನೆಯ ಅಮಾವಾಸ್ಯೆಗೆ ಅಡಿವೆಪ್ಪ ಹಲೋ ಎನ್ನುವಷ್ಟರಲ್ಲೇ "ಇಲ್ಲ ಸ್ವಾಮಿ" ಎಂದ. ಆ ಇಲ್ಲ ಎನ್ನುವುದನ್ನು ಅಡಿವೆಪ್ಪ ಗುರುತಿಸಿದ. ಅದು ಬಾಳವ್ವನಿಗೆ ತಾನು ಹೇಳುತ್ತಿದ್ದದ್ದೇ ಆಗಿತ್ತು.

ಬಾಳವ್ವ ಬರುವುದನ್ನು ಬಿಡಲಿಲ್ಲ. ಪಲ್ಯದ ಕಟ್ಟು ತಂದಳು, ಗದ್ದುಗೆಗೆ ಕೈಮುಗಿದಳು, ಮುಂದೆ ಬಂದು ನಿಂತಳು. ಅಡಿವೆಪ್ಪ ಈಗ ಅವಳು ಪೂರ್ತಿ ಕೇಳುವವರೆಗೆ ತಡೆಯುತ್ತಿದ್ದ. ಆಮೇಲೆ, ಟೇಲರ್‌ಗೆ ಕೇಳಿದ್ದೇನೆ, ಬಂದಿಲ್ಲ ಯವ್ವಾ ಎನ್ನುತ್ತಿದ್ದ. ಅವಳು ತಲೆಯಾಡಿಸಿ ಹೋಗುತ್ತಿದ್ದಳು.

ಒಂಬತ್ತನೆಯ ಅಮಾವಾಸ್ಯೆಗೆ ಟೇಲರ್ ಸಿಡುಕಿದ.

"ಎಷ್ಟು ಸಲ ಕೇಳ್ತೀರಾ ಸ್ವಾಮಿ? ಬಂದ್ರೆ ನಾನೇ ಹೇಳಲ್ವಾ?"

ಫೋನು ಕಟ್ಟಾಯಿತು. ಅಡಿವೆಪ್ಪ ಬೇವಿನ ಮರದ ಕೆಳಗೆ ಬಂದು ನಿಂತ. ಅಜ್ಜಾರು ಹೊಸ ಹುಣಸೆಹಣ್ಣು ಹರವಿಕೊಂಡು ಕುಳಿತಿದ್ದರು.

"ಅಜ್ಜಾರ, ಆ ಮನಷ್ಯಾಗ ನಾ ಬ್ಯಾಸರಾಗೀನ್ರಿ. ಕೇಳಾಕ ನನಗ ನಾಚಿಕಿ ಬರ್ತೈತಿ. ಇನ್ನ ಎಷ್ಟು ದಿನ ಹಿಂಗ ಕೇಳಬೇಕ್ರಿ?"

ಅಜ್ಜಾರು ಹೊಳೆಯ ಕಡೆ ನೋಡಿದರು. ದೋಣಿ ನಡುನೀರಿಗೆ ಬಂದಿತ್ತು. ಅದರಲ್ಲಿ ಬಾಳವ್ವ ಪಲ್ಯದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಎಷ್ಟು ದಿನ ಅಂತ ಬಾಳವ್ವ ನಿನ್ನ ಒಮ್ಮೆರ ಕೇಳ್ಯಾಳೇನಪಾ?"