ಅಕ್ಕನ ಮುಖ, ಜಪಾನಿ ಕ್ಯಾಮೆರಾ

ಹೊಳೆ ದಂಡೆಯ ಆಶ್ರಮದಲ್ಲಿ ನಿರಂಜನಯ್ಯ ಎಂಬ ಗುರುಗಳಿದ್ದರು. ಸನ್ಯಾಸಕ್ಕೆ ಮುಂಚೆ ಫೋಟೋ ತೆಗೆದು ಬದುಕಿದವರು. ಆ ಕಾಲದ ಅವರ ಜಪಾನಿ ಕ್ಯಾಮೆರಾ ಈಗ ಶಿಷ್ಯ ಇಂದುಧರನ ಕೊರಳಲ್ಲಿತ್ತು.

ಇಂದುಧರನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಆವತ್ತಂತೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಶಾಂಭವಿ ನೋಡಲು ಬಂದಿದ್ದಳು. ಅವಳ ಕಾಯಿಲೆಗೆ ಡಾಕ್ಟರುಗಳು ಕೈಚೆಲ್ಲಿದ್ದರು. ಅಕ್ಕನ ಮುಖ ಮುಂದೆ ಮರೆತೇ ಹೋದರೆ ಎಂಬ ಭಯ ಅವನನ್ನು ತಿನ್ನುತ್ತಿತ್ತು.

"ಅಕ್ಕ, ಇಲ್ಲಿ ನಿಲ್ಲು. ಬೇಡ, ಮೆಟ್ಟಿಲ ಮೇಲೆ ಕೂತ್ಕೋ. ಸ್ವಲ್ಪ ಈ ಕಡೆ ತಿರುಗು."

"ಸಾಕು ಬಾರೋ, ನನ್ನ ಪಕ್ಕ ಕೂತ್ಕೋ."

"ಆಮೇಲೆ. ಬೆಳಕು ಹೋಗುತ್ತೆ."

ಬೇವಿನ ಕೆಳಗೆ ದೀಪದ ಬತ್ತಿ ಹೊಸೆಯುತ್ತಿದ್ದ ಗುರುಗಳು ತಲೆಯೆತ್ತಿದರು. "ಅಷ್ಟು ಅವಸರ ಯಾಕೋ? ಅವಳು ಒಂದು ತುತ್ತು ತಿನ್ನಲಿ."

"ಅಯ್ಯ, ನೆನಪು ಮೋಸ ಮಾಡುತ್ತೆ. ಫಿಲ್ಮು ಮಾಡಲ್ಲ."

"ಹಾಗೋ" ಎಂದು ಗುರುಗಳು ಮತ್ತೆ ಬತ್ತಿಗೆ ಕೈ ಹಾಕಿದರು.

ಕ್ಯಾಮೆರಾದ ಕಿಂಡಿಯಲ್ಲಿ ಅಕ್ಕ ಇಬ್ಬರಾಗಿ ಕಾಣುತ್ತಿದ್ದಳು. ಲೆನ್ಸಿನ ಸುತ್ತಲಿನ ಉಂಗುರ ತಿರುಗಿಸಿ ಇಬ್ಬರನ್ನೂ ಒಬ್ಬಳಾಗಿಸಬೇಕು, ಆಗಲೇ ಚಿತ್ರ ಸ್ಪಷ್ಟ. ಅವನು ಪ್ರತಿ ಸಲವೂ ಉಸಿರು ಬಿಗಿಹಿಡಿದು ನೋಡಿದ, ಒತ್ತಿದ, ಅವಳನ್ನು ಬೇರೆ ಕಡೆಗೆ ಕರೆದೊಯ್ದ. ಅಕ್ಕ ನಗುತ್ತಲೇ ಇದ್ದಳು.

ರೀಲು ಮುಗಿಯಿತು. ಅಕ್ಕ ದಣಿದು ಒಳಗೆ ಹೋಗಿ ಮಲಗಿದಳು. ಲೆನ್ಸು ಒರೆಸೋಣವೆಂದು ಅವನು ಕ್ಯಾಮೆರಾ ತಿರುಗಿಸಿದ.

ಲೆನ್ಸಿನ ಮೇಲೆ ಕಪ್ಪು ಮುಚ್ಚಳ ಹಾಗೇ ಇತ್ತು. ಬಿಸಿಲು ಬಿದ್ದರೆ ಒಳಗಿನ ಬಟ್ಟೆಯ ಪರದೆ ಸುಡುತ್ತದೆಂದು ತಾನೇ ಹಾಕಿದ್ದು. ಆ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ. ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಅವನು ಗುರುಗಳ ಮುಂದೆ ಕುಸಿದು ಕೂತ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಯ್ಯ. ಒಂದು ಚಿತ್ರವೂ ಬಂದಿಲ್ಲ. ಮುಚ್ಚಳ ತೆಗೆದೇ ಇಲ್ಲ ನಾನು."

"ಗೊತ್ತು."

"ನೀವು ನೋಡಿದ್ರಾ?"

"ನೀನು ಮೊದಲನೇ ಸಲ ಒತ್ತಿದಾಗಲೇ ನೋಡಿದೆ."

ಇಂದುಧರನಿಗೆ ಸಿಟ್ಟು ನೆತ್ತಿಗೇರಿತು. ಎದುರಿಗಿರುವವರು ಗುರುಗಳೆಂಬುದನ್ನೂ ಮರೆತ. "ಬಾಯಿ ಬಿಟ್ಟು ಹೇಳಬಾರದಿತ್ತಾ? ಅವಳಿಗೆ ಹೆಚ್ಚು ದಿನ ಇಲ್ಲ ಅಂತ ನಿಮಗೂ ಗೊತ್ತಲ್ಲ?"

"ಹೇಳೋಕೆ ಅಂತ ಎದ್ದೆ. ನೀನು ಬಗ್ಗಿ ರೀಲು ಮುಂದಕ್ಕೆ ಸರಿಸ್ತಿದ್ದೆ. ನಿನ್ನ ಅಕ್ಕ ಬೇಡ ಅಂತ ಸನ್ನೆ ಮಾಡಿದಳು."

"ಅಕ್ಕನಿಗೂ ಗೊತ್ತಿತ್ತಾ?"

"ಎದುರಿಗೆ ನಿಂತವಳಿಗೆ ಕಾಣಲ್ವೇನೋ?"

ಅವನು ಅಕ್ಕ ಮಲಗಿದ್ದ ಕೋಣೆಯ ಕಡೆ ತಿರುಗಿದ. "ಮತ್ತೆ ಯಾಕೆ ಅಷ್ಟು ಹೊತ್ತು ನಿಂತಳು? ಯಾಕೆ ಸುಮ್ಮನಿದ್ದಳು?"

ಗುರುಗಳು ಬತ್ತಿಯನ್ನು ಕೆಳಗಿಟ್ಟರು. "ನಡುವೆ ನೀನು ಅವಳಿಗೆ ನೀರು ತರೋಕೆ ಹೋದಾಗ ನಾನೂ ಅದನ್ನೇ ಕೇಳಿದೆ. 'ಇರಲಿ ಬಿಡಿ ಅಯ್ಯ, ದೊಡ್ಡವನಾದ ಮೇಲೆ ಇವನು ಇಷ್ಟು ಹೊತ್ತು ನನ್ನ ಮುಖ ನೋಡಿದ್ದು ಇವತ್ತೇ' ಅಂದಳು."